ಸೆರಗೊಡ್ಡಿದವರು

ನಮ್ಮೂರಿನ ಸ್ಕ್ಯಾನಿಂಗ್ ಕೋಣೆಯ ಹೊರಗೆ ಕುರ್ಚಿಗಳಿದ್ದರೂ ಯಾರೂ ಕೂರುವುದಿಲ್ಲ. ಬಸುರಿಯನ್ನು ಒಳಗೆ ಕಳಿಸಿ ಅವಳ ಕಡೆಯವರೆಲ್ಲ ಬಾಗಿಲಿಗೆ ಎದುರಾಗಿ ನಿಲ್ಲುತ್ತಾರೆ. ಗಂಡಸರ ಕೈಯಲ್ಲಿ ಟವೆಲು, ಹೆಂಗಸರ ಕೈಯಲ್ಲಿ ಸೊಂಟದಿಂದ ಬಿಚ್ಚಿಕೊಂಡ ಸೆರಗು. ನಾನು ಹೊರಗೆ ಬಂದು "ಎಲ್ಲ ಚೆನ್ನಾಗಿದೆ" ಎಂದರೆ ಟವೆಲು ಹೆಗಲಿಗೆ, ಸೆರಗು ಸೊಂಟಕ್ಕೆ, ಜನ ಕಾಫಿ ಹೋಟೆಲಿಗೆ. ಮಗುವಿಗೆ ಇಂಥ ಐಬಿದೆ ಎಂದು ಹೇಳಿದರೆ ಅವರಲ್ಲೊಬ್ಬರು ಮುಂದೆ ಬಂದು ಟವೆಲನ್ನೋ ಸೆರಗನ್ನೋ ಒಡ್ಡುತ್ತಾರೆ. ನಾನು ಹೇಳಿದ್ದು ಹೆರಿಗೆಯ ದಿನದವರೆಗೆ ಅವರ ಮೈಮೇಲೆ ಇರುತ್ತದೆ. ಬೆರಳು ಅಂಟಿದೆ ಎಂದರೆ ಬೆರಳು ಅಂಟುತ್ತದೆ, ಒಂದು ಕಿವಿ ಇಲ್ಲ ಎಂದರೆ ಕಿವಿ ಹೋಗುತ್ತದೆ. ಹೃದಯದಲ್ಲಿ ತೂತು ಎಂದಾಗ ಅದನ್ನು ಒಡ್ಡಿಕೊಂಡ ಅಜ್ಜಿಯೊಬ್ಬಳು ಹೆರಿಗೆ ಆಗುವವರೆಗೂ ಜಗಲಿ ಬಿಟ್ಟು ಏಳದೆ ಅವರೆಕಾಯಿ ಸುಲಿದಳು. ಬಸುರಿ ಅವರನ್ನು ದಿನಾ ನೋಡುತ್ತಾಳೆ. ಹೀಗಿದ್ದೂ ಉಣ್ಣಬಹುದು, ಹೀಗಿದ್ದೂ ಜಗಳ ಆಡಬಹುದು ಅನ್ನುವುದು ಅವಳಿಗೆ ರೂಢಿಯಾಗುತ್ತದೆ. ಮಗು ಹುಟ್ಟಿ ತನ್ನ ಐಬನ್ನು ತಾನು ತಂದ ಗಳಿಗೆಯಲ್ಲಿ ಒಡ್ಡಿದವರದು ಇಳಿದುಹೋಗುತ್ತದೆ.

ಪರವೂರಿಂದ ಬಂದ ನನಗೆ ಇದನ್ನು ಕಂಡು ಮೊದಮೊದಲು ಎದೆ ಹಾರಿತ್ತು. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಜಂಬ ಬಂತು. ಬೇರೆ ಊರುಗಳಲ್ಲಿ ಡಾಕ್ಟರು ಬರೆದುಕೊಟ್ಟದ್ದನ್ನು ಜನ ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾರೆ. ಇಲ್ಲಿ ನಾನು ಬಾಯಿ ಬಿಟ್ಟರೆ ಎದುರಿಗೆ ನಿಂತವನ ಮೈ ಬದಲಾಗುತ್ತಿತ್ತು. ನಾನು ಹೇಳಿದ್ದೂ ಮಗು ತಂದದ್ದೂ ಒಂದೇ ಆದಾಗಲೆಲ್ಲ ಊರು ನನ್ನನ್ನು ಹೊಗಳುತ್ತಿತ್ತು. ಮೊದಲೇ ನನ್ನ ಬಾಯಿ ಜೋರು, ಈಗ ಅದಕ್ಕೆ ಲಗಾಮೇ ಇರಲಿಲ್ಲ.

ಶಿವಮಲ್ಲಿ ಐದನೇ ತಿಂಗಳಲ್ಲಿ ಬಂದಳು. ಅವಳ ಗಂಡ ಲಾರಿಯ ಮೇಲೆ ದೂರದಲ್ಲಿದ್ದ. ಜೊತೆಗೆ ಬಂದಿದ್ದವರು ಅವಳ ತಾಯಿ ಮತ್ತು ಅಣ್ಣ ಬೆಟ್ಟಸ್ವಾಮಿ. ಊರಿನ ತೆಂಗಿನಮರಗಳನ್ನೆಲ್ಲ ಹತ್ತಿ ಕಾಯಿ ಕೆಡಹುವವನು ಅವನು. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಅವನು ಮರ ಏರುತ್ತಿದ್ದರೆ ಕೆಳಗೆ ನಿಂತವರ ಕತ್ತು ನೋಯುತ್ತಿತ್ತೇ ಹೊರತು ಅವನಿಗೆ ಏದುಸಿರು ಬರುತ್ತಿರಲಿಲ್ಲ. ಬಾಗಿಲಲ್ಲೇ ನನ್ನನ್ನು ಛೇಡಿಸಿದ.

"ಡಾಕ್ಟ್ರಮ್ಮ, ಒಳಗಡೆ ನನ್ ಅಳಿಯನೋ ಸೊಸೆನೋ ಕೂತ್ಕೊಂಡು ಏನ್ ಮಾಡ್ತಾ ಅವ್ರೆ ಅಂತ ಸ್ವಲ್ಪ ನೋಡಿ. ಮರ ಹತ್ತೋ ಲಕ್ಷಣ ಐತಾ?"

"ಹತ್ತುವುದು ಹಾಗಿರಲಿ, ನೀನು ಮೊದಲು ದಾರಿ ಬಿಡು ಮಾರಾಯ," ಎಂದೆ.

ಮಗುವಿನ ಪಾದವನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಮೊಣಕಾಲಿನ ಕೆಳಗಿನ ಎರಡು ಮೂಳೆಗಳನ್ನು ಪರದೆಯ ಮೇಲೆ ಉದ್ದಕ್ಕೆ ಹಿಡಿಯಬೇಕು. ಆಗ ಪಾದ ಪಕ್ಕದಿಂದ ಕಾಣಬೇಕು, ಅಂಗಾಲು ಕಾಣಬಾರದು. ಮೂಳೆಗಳ ಜೊತೆಗೇ ಅಂಗಾಲೂ ಪೂರ್ತಿ ಕಂಡರೆ ಪಾದ ಒಳಕ್ಕೆ ಸೊಟ್ಟಗಾಗಿದೆ ಎಂದು ಅನುಮಾನ ಪಡಬೇಕು. ಅನುಮಾನ ಅಷ್ಟೇ. ಗರ್ಭದ ಗೋಡೆಗೆ ಒತ್ತಿಕೊಂಡ ಒಳ್ಳೆಯ ಪಾದವೂ ಹಾಗೇ ಕಾಣುತ್ತದೆ, ಕಂಬಳಿಯೊಳಗೆ ಮುದುಡಿ ಮಲಗಿದವರ ಕಾಲಿನಂತೆ. ಆದ್ದರಿಂದ ಕಾಯಬೇಕು. ತಾಯಿಯನ್ನು ಎಬ್ಬಿಸಿ ನಡೆಸಬೇಕು, ಮಗು ಹೊರಳಿದ ಮೇಲೆ ಮತ್ತೆ ನೋಡಬೇಕು. ಒಳ್ಳೆಯ ಪಾದ ಒಂದಲ್ಲ ಒಂದು ಸಲ ನೆಟ್ಟಗಾಗುತ್ತದೆ. ಸೊಟ್ಟ ಪಾದ ಎಷ್ಟು ಒದ್ದರೂ ಸೊಟ್ಟಗೇ ಇರುತ್ತದೆ.

ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಹಿಂದಿನ ವಾರವಷ್ಟೇ ದೊಡ್ಡಾಸ್ಪತ್ರೆಯವರಿಗೆ ಕಾಣದ ಒಂದು ಅಂಟಿದ ಬೆರಳನ್ನು ನಾನು ಹಿಡಿದಿದ್ದೆ. ಊರೆಲ್ಲ "ಡಾಕ್ಟ್ರಮ್ಮನ ಕಣ್ಣು ಹದ್ದಿನ ಕಣ್ಣು" ಅನ್ನುತ್ತಿತ್ತು. ಶಿವಮಲ್ಲಿಯ ಮಗುವಿನ ಎಡಗಾಲಿನ ಮೂಳೆಗಳ ಜೊತೆ ಅಂಗಾಲು ಕಂಡಿತು. ಹದ್ದು ಕಾಯಲಿಲ್ಲ. ಬಾಗಿಲಿಗೆ ಬಂದು "ಎಡಪಾದ ಸೊಟ್ಟಗಿದೆ" ಎಂದುಬಿಟ್ಟೆ.

ತಾಯಿ ಸೆರಗು ಒಡ್ಡಲು ಬಂದಳು. ಬೆಟ್ಟಸ್ವಾಮಿ ಅವಳ ಕೈ ಹಿಡಿದು ಹಿಂದಕ್ಕೆ ಎಳೆದ. "ನಿಂಗೆ ಮೊದ್ಲೇ ಮಂಡಿ ನೋವು, ಸುಮ್ಕಿರವ್ವ," ಎಂದು ಟವೆಲು ಬಿಚ್ಚಿ ನನ್ನೆದುರು ಹಿಡಿದ. ನಾನು ಮಾತನ್ನು ಮತ್ತೊಮ್ಮೆ ಹೇಳಿದೆ. ಅವನ ಎಡಪಾದ ನಿಧಾನವಾಗಿ ಒಳಕ್ಕೆ ತಿರುಗಿ, ಹಿಮ್ಮಡಿ ಮೇಲೆದ್ದು, ಪಾದದ ಹೊರ ಅಂಚು ನೆಲಕ್ಕೆ ಊರಿತು. ಅವನು ಗೋಡೆ ಹಿಡಿದುಕೊಂಡ. ತಂಗಿ ಅಳುತ್ತಿದ್ದಳು.

"ಯಾಕವ್ವ ಅಳ್ತೀಯ? ಮೂರ್ ಹೊತ್ತೂ ಮರದ್ ಮೇಲಿರ್ತೀಯ ಅಂತ ಬಯ್ತಿದ್ದಲ್ಲ, ಇನ್ಮೇಲ್ ನೆಲದ್ ಮೇಲೇ ಇರ್ತೀನಿ ಬುಡು," ಎಂದ.

ಊರು ಹೊಂದಿಕೊಂಡಿತು. ಕಾಯಿ ಕೆಡಹುವವರಿಲ್ಲದೆ ಒಣಗಿದ ಕಾಯಿಗಳು ತಮ್ಮಷ್ಟಕ್ಕೆ ತಾವೇ ಬೀಳತೊಡಗಿದವು. ಎರಡು ಹೆಂಚಿನ ಮನೆಗಳ ಸೂರು ಹೋಯಿತು. ಜನ ಮರದಡಿ ಹೋಗುವಾಗ ತಲೆಯ ಮೇಲೆ ಮೊರ ಹಿಡಿದುಕೊಂಡು ಹೋದರು, ಶಾಲೆಯ ಮಕ್ಕಳು ಚೀಲ ಹೊತ್ತುಕೊಂಡು ಓಡಿದರು. ಯಾರೂ ಗೊಣಗಲಿಲ್ಲ. ಬೆಟ್ಟಸ್ವಾಮಿ ಚಮ್ಮಾರನ ಹತ್ತಿರ ಪಾದಕ್ಕೆ ತಕ್ಕ ಚಪ್ಪಲಿ ಹೊಲಿಸಿಕೊಂಡು ತಂಗಿಯ ಎದುರು ಅಂಗಳದಲ್ಲಿ ನಡೆದ, ಬಿಂದಿಗೆ ಹೊತ್ತ, ಒಂದು ದಿನ ಕುಣಿದೂ ತೋರಿಸಿದನಂತೆ. ಮಗುವಿನ ಪಾದವಾದರೆ ಹುಟ್ಟಿದ ಮೇಲೆ ವಾರವಾರ ಪಟ್ಟಿ ಹಾಕಿ ನೆಟ್ಟಗೆ ಮಾಡಬಹುದು ಎಂದು ನಾನೇ ಶಿವಮಲ್ಲಿಗೆ ಹೇಳಿದ್ದೆ. ಅವಳು ಮೆಲ್ಲಗೆ ಧೈರ್ಯ ತಂದುಕೊಂಡಳು.

ಈ ಊರಲ್ಲಿ ಇನ್ನೊಂದು ಮಾತಿದೆ. ಹೇಳಿದ್ದು ತಪ್ಪೆಂದು ಕಂಡರೆ ಹೇಳಿದವರೇ ಹೆರಿಗೆಗೆ ಮುಂಚೆ ಅದೇ ಬಾಗಿಲಲ್ಲಿ ನಿಂತು, ಜನರೆದುರು, "ನಾನು ತಪ್ಪು ನೋಡಿದೆ" ಎನ್ನಬೇಕು. ಆಗ ಒಡ್ಡಿದವರದು ಇಳಿಯುತ್ತದೆ. ಹೆರಿಗೆ ಆದಮೇಲೆ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಐಬಿಲ್ಲದ ಮಗು ಹುಟ್ಟಿದರೆ, ಒಡ್ಡಿದವರದು ಒಡ್ಡಿದವರಿಗೇ ಉಳಿಯುತ್ತದೆ.

ಏಳನೇ ತಿಂಗಳಲ್ಲಿ ಶಿವಮಲ್ಲಿ ಮತ್ತೆ ಬಂದಳು. ಮಗು ಒದೆಯುತ್ತಿತ್ತು. ಪರದೆಯ ಮೇಲೆ ಎಡಪಾದ ಒಂದು ಸಲ, ಒಂದೇ ಸಲ, ನೆಟ್ಟಗೆ ಚಾಚಿ ಮತ್ತೆ ಮುದುಡಿತು. ನನ್ನ ಕೈ ನಿಂತಿತು.

ಅವಳು ನನ್ನ ಮುಖ ನೋಡಿದಳು. "ಏನ್ ಡಾಕ್ಟ್ರೇ? ಬೇರೆ ಥರ ಕಾಣ್ತಾ? ಇನ್ನೊಂದ್ ಸಲ ನೋಡಿ ಡಾಕ್ಟ್ರೇ. ನಮ್ಮಣ್ಣಂಗೆ ಬುಟ್ಟೋಗೋದಾದ್ರೆ ಬುಟ್ಟೋಗ್ಲಿ."

ಹೊರಗೆ ಅವತ್ತು ತುಂಬಾ ಜನ. ಆ ಬಾಗಿಲಲ್ಲಿ, ಅಷ್ಟು ಜನರೆದುರು, ಹದ್ದಿನ ಕಣ್ಣಿನ ನಾನು ತಪ್ಪು ನೋಡಿದೆ ಅನ್ನಬೇಕಿತ್ತು. ನನಗೆ ಸಿಟ್ಟು ಬಂತು, ಅವಳ ಮೇಲೆ. "ಓದಿದವಳು ನೀನೋ ನಾನೋ? ಅದು ಹಾಗೇ ಇದೆ. ಏಳು, ಬಟ್ಟೆ ಸರಿಮಾಡಿಕೋ," ಎಂದೆ. ಮುಂದಿನ ಸಲ ಸಾವಧಾನವಾಗಿ ನೋಡೋಣ, ಆಗ ಜನ ಕಡಿಮೆ ಇರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದಿನ ಸಲ ಬರಲೇ ಇಲ್ಲ. ಮಗು ದಿನ ತುಂಬುವ ಮೊದಲೇ ಹುಟ್ಟಿತು.

ಹೆರಿಗೆ ಕೋಣೆಯ ಹೊರಗೆ ನಾನೂ ಇದ್ದೆ. ಕಣ್ಣು ತುಂಬುವಂಥ ಹೆಣ್ಣುಮಗು. ನರ್ಸು ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು, ಎರಡೂ ಪಾದ ಬಿಡಿಸಿ ತೋರಿಸಿದಳು. ಎರಡೂ ನೆಟ್ಟಗಿದ್ದವು. ಯಾರೋ "ಅಯ್ಯೋ ಶಿವನೇ" ಎಂದರು. ಬಾಣಂತಿಯ ಕಡೆಯವರೆಲ್ಲ ಮಗುವಿನಿಂದ ಕಣ್ಣು ತೆಗೆದು ಬೆಟ್ಟಸ್ವಾಮಿಯ ಕಾಲನ್ನು ನೋಡಿದರು. ಅವನೂ ಅದನ್ನೇ ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ಪಾದ ಮಿಸುಕಲಿಲ್ಲ. ಆಮೇಲೆ ಅವನು ಕುಂಟುತ್ತಾ ಬಂದು ಮಗುವಿನ ಹೆಬ್ಬೆರಳು ಹಿಡಿದು, "ಹೋಗ್ಲಿ ಬುಡಿ, ಇವ್ಳುದ್ ನೆಟ್ಗೈತಲ್ಲ," ಎಂದ. ಅವನ ತಾಯಿ ನೆಲಕ್ಕೆ ಕುಸಿದಳು. ಶಿವಮಲ್ಲಿ ಒಳಗಿನಿಂದ, ಆ ನೋವಿನಲ್ಲೂ, "ನಾನ್ ಕೇಳ್ದೆ, ನಾನ್ ಕೇಳ್ದೆ ಡಾಕ್ಟ್ರೇ," ಎಂದು ಕೂಗುತ್ತಿದ್ದಳು. ಎಲ್ಲರಿಗೂ ಕೇಳಿಸಿತು.

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ತಿರುಗಿಸಿ ಆಡಿ ಹಗುರಾಗುತ್ತಿದ್ದೆ. ಜನ ಮೊದಲಿನಂತೆಯೇ ನಮಸ್ಕಾರ ಮಾಡಿದರು, ದಾರಿ ಬಿಟ್ಟರು. ಬೆಟ್ಟಸ್ವಾಮಿ ಆಸ್ಪತ್ರೆಯ ಗೇಟಿನ ಹತ್ತಿರ ಎಳನೀರು ಮಾರಲು ಕೂತ. ಬೇರೆಯವರು ಹತ್ತಿ ಇಳಿಸಿದ ಎಳನೀರು. ನನ್ನ ಕಾರು ಕಂಡರೆ ಮಚ್ಚು ಎತ್ತಿ, "ಬನ್ನಿ ಡಾಕ್ಟ್ರಮ್ಮ, ಒಳ್ಳೆ ಗಂಜಿ ಇರೋದೈತೆ," ಅನ್ನುತ್ತಿದ್ದ. ಅವನ ದನಿಯಲ್ಲಿ ಕುಹಕವಿದೆಯೇ ಎಂದು ಹುಡುಕುತ್ತಿದ್ದೆ. ಇರಲಿಲ್ಲ. ನಾನು ಹಿಂದಿನ ಗೇಟಿನಿಂದ ಬರಲು ಶುರು ಮಾಡಿದೆ. ಅಲ್ಲಿ ಹಳೆಯ ಹಾಸಿಗೆಗಳನ್ನು ರಾಶಿ ಹಾಕುತ್ತಾರೆ, ಸೀರೆಗೆ ಮುಳ್ಳು ಹತ್ತಿಕೊಳ್ಳುತ್ತದೆ. ಆದರೂ ಅದೇ ದಾರಿ.

ಒಳಗೆ ನಾನು ಮೂಕಿಯಾದೆ. ಚೆನ್ನಾಗಿದ್ದರೆ ಚೆನ್ನಾಗಿದೆ ಎಂದೆ. ಏನಾದರೂ ಸಣ್ಣ ಅನುಮಾನ ಬಂದರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದೆ. ಇಡೀ ದಿನ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಿ ಬಂದ ಬಸುರಿಯರು ನನ್ನ ಮುಖ ನೋಡುತ್ತಿರಲಿಲ್ಲ.

ಹೀಗಿರುವಾಗ ಜಬೀನ್ ಬಂದಳು. ಬಳೆ ಅಂಗಡಿಯ ಹಸೀನಾಬಿಯ ಸೊಸೆ, ಚೊಚ್ಚಲ ಬಸುರಿ. ಬಸ್ಸಿನಲ್ಲಿ ಕಳಿಸೋಣವೆಂದರೆ ಆಗಲೇ ಒಮ್ಮೆ ರಕ್ತ ಕಂಡು, ಪ್ರಯಾಣ ಕೂಡದೆಂದು ನಮ್ಮ ಆಸ್ಪತ್ರೆಯಲ್ಲೇ ಮಲಗಿಸಿದ್ದರು. ಪರದೆಯ ಮೇಲೆ ಮಗುವಿನ ಮೇಲ್ದುಟಿಯಲ್ಲಿ ಒಂದು ಕಪ್ಪು ಗೆರೆ ಕಂಡಿತು.

ಈ ಸಲ ಕಾದೆ. ಹೊಕ್ಕುಳಬಳ್ಳಿ ತುಟಿಗೆ ಅಡ್ಡ ಬಂದರೂ ಇಂಥದೇ ಗೆರೆ ಕಾಣುತ್ತದೆ. ಬಣ್ಣದ ಬಟನ್ ಒತ್ತಿದೆ. ಬಳ್ಳಿಯಾಗಿದ್ದರೆ ಅದರಲ್ಲಿ ಹರಿಯುವ ರಕ್ತ ಕೆಂಪು ನೀಲಿಯಾಗಿ ಮಿನುಗಬೇಕು. ಮಿನುಗಲಿಲ್ಲ. ತುಟಿಯ ನಡುವೆ ಎಲ್ಲರಿಗೂ ಇರುವ ತಗ್ಗಿರಬಹುದೇ? ಅಲ್ಲ, ಗೆರೆ ಪಕ್ಕಕ್ಕಿತ್ತು, ಮೂಗಿನ ಎಡ ಹೊಳ್ಳೆಯವರೆಗೂ ಹೋಗಿತ್ತು. ಮಗು ಕೈಯಿಂದ ಮುಖ ಮುಚ್ಚಿಕೊಂಡಿತು. ಜಬೀನ್‌ಳನ್ನು ಎಡಕ್ಕೆ ಹೊರಳಿಸಿದೆ, ಬಲಕ್ಕೆ ಹೊರಳಿಸಿದೆ, ಚಹಾ ಕುಡಿಸಿ ಕೋಣೆಯೊಳಗೇ ಮೆಲ್ಲಗೆ ನಾಲ್ಕು ಹೆಜ್ಜೆ ಹಾಕಿಸಿದೆ. ಮಗು ಕೈ ತೆಗೆದು ಆಕಳಿಸಿತು. ಸೀಳು ಅಲ್ಲೇ ಇತ್ತು. ಮಾರನೇ ದಿನ ಮತ್ತೆ ನೋಡಿದೆ. ಅಲ್ಲೇ ಇತ್ತು.

ಬಾಗಿಲು ತೆಗೆದು, "ಮೇಲ್ದುಟಿ ಎಡಗಡೆ ಸೀಳಿದೆ. ಹೊಲಿದು ಸರಿಮಾಡಬಹುದು. ಆದರೆ ಸೀಳಿದೆ," ಎಂದೆ.

ಸಾಲಿನಲ್ಲಿ ಹತ್ತು ಜನರಿದ್ದರು. ಯಾರೂ ಮುಂದೆ ಬರಲಿಲ್ಲ. ಜಬೀನ್‌ಳ ಗಂಡ ಟವೆಲನ್ನು ಮುಷ್ಟಿಯಲ್ಲಿ ಉಂಡೆ ಮಾಡಿಕೊಂಡು ನೆಲ ನೋಡುತ್ತಿದ್ದ. ಹಸೀನಾಬಿ ಒಂದು ಹೆಜ್ಜೆ ಇಟ್ಟು ನಿಂತಳು. "ತಪ್ಪು ತಿಳೀಬೇಡಿ ಡಾಕ್ಟ್ರೇ. ಒಡ್ಡೋಕೆ ಹೆದರಿಕೆ ಇಲ್ಲ. ಹೋದ ಸಲದ ಹಾಗೆ ಆದರೆ?" ಎಂದಳು. ಮೆತ್ತಗೆ, ಮರ್ಯಾದೆಯಿಂದ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದೆ ಮಂಚದ ಮೇಲೆ ಜಬೀನ್ ಎದ್ದು ಕೂತು, ತನಗಾಗಿ ಯಾರು ಬರುತ್ತಾರೆ ಎಂದು ಬಾಗಿಲ ಕಡೆ ನೋಡುತ್ತಿದ್ದಳು.

ಗೇಟಿನ ಕಡೆಯಿಂದ ಚಪ್ಪಲಿ ಎಳೆಯುವ ಸದ್ದು ಕೇಳಿಸಿತು. ಬೆಟ್ಟಸ್ವಾಮಿ ಟವೆಲು ಬಿಚ್ಚಿಕೊಳ್ಳುತ್ತಾ ಬರುತ್ತಿದ್ದ. "ಯಾರೂ ಇಲ್ವಾ? ತಕಳಿ, ನಂಗೇ ಹಾಕಿ. ಕಾಲ್ ಹೆಂಗೂ ಹೋಗೈತೆ, ತುಟಿಯೂ ಇರ್ಲಿ," ಎಂದ.

ಅವನು ಬಾಗಿಲು ಮುಟ್ಟುವ ಮುಂಚೆ ನಾನು ಕೋಟು ಕಿತ್ತೆಸೆದು ನನ್ನ ಸೆರಗನ್ನು ಹಿಡಿದು ಒಡ್ಡಿದೆ. ಒಳ್ಳೆಯತನದಿಂದಲ್ಲ. ಅವನು ಎರಡನೇ ಸಲ ಒಡ್ಡುವುದನ್ನು ನಿಂತು ನೋಡುವ ಧೈರ್ಯ ನನಗಿರಲಿಲ್ಲ. ಮಾತನ್ನು ನಾನೇ ಮತ್ತೊಮ್ಮೆ ಹೇಳಿದೆ. ಮೂಗಿನ ಎಡ ಹೊಳ್ಳೆಯ ಕೆಳಗೆ ಚುರುಕ್ ಎಂದಿತು. ಬಾಯಿ ಮುಚ್ಚಿದರೂ ಹಲ್ಲಿಗೆ ಗಾಳಿ ತಾಗಿತು.

ಮೊದಲ ವಾರ ಮಾಸ್ಕ್ ಹಾಕಿಕೊಂಡೆ. ಜಬೀನ್ ಕೇಳಿಯೇಬಿಟ್ಟಳು, "ಡಾಕ್ಟ್ರೇ, ನೀವು ಮುಚ್ಚಿಕೊಂಡರೆ ನಾನು ಏನು ನೋಡಿ ಕಲೀಲಿ?" ತೆಗೆದೆ. ದಿನಾ ಸಂಜೆ ಅವಳ ಮಂಚದ ಪಕ್ಕ ಕೂತು ಕಾಫಿ ಕುಡಿದೆ. ಕಾಫಿ ಸೀಳಿನಿಂದ ಇಳಿದು ಸೀರೆಯ ಮೇಲಾಗುತ್ತಿತ್ತು. ಹಸೀನಾಬಿ ಮಕ್ಕಳಿಗೆ ಹಾಲು ಕುಡಿಸುವ ಒಳಲೆ ತಂದುಕೊಟ್ಟಳು. ತಲೆ ಎತ್ತಿ, ಬಾಯಿಯ ಬಲಗಡೆಯಿಂದ ಸ್ವಲ್ಪ ಸ್ವಲ್ಪ ಸುರಿದುಕೊಂಡರೆ ಚೆಲ್ಲುವುದಿಲ್ಲ ಎಂದು ಜಬೀನೂ ನಾನೂ ಕೂಡಿ ಕಂಡುಕೊಂಡೆವು. ಜಬೀನ್ ನಕ್ಕಳು. ಪ, ಬ, ಮ ಅನ್ನಲು ತುಟಿ ಕೂಡುತ್ತಿರಲಿಲ್ಲ. ಬೆಟ್ಟಸ್ವಾಮಿಯನ್ನು ಕರೆದರೆ "ಎಟ್ಟಸ್ವಾವಿ" ಎಂದಾಗುತ್ತಿತ್ತು. ಜೋರು ಬಾಯಿಯ ನಾನು ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೊಂಡೆ.

ಈಗ ಮುಂದಿನ ಗೇಟಿನಿಂದಲೇ ಬರುತ್ತಿದ್ದೆ. ಅವನ ಎದುರು ಕಲ್ಲಿನ ಮೇಲೆ ಕೂತು ಎಳನೀರು ಕುಡಿಯುವಷ್ಟು ಸಲಿಗೆ ಬಂತು. ಒಡ್ಡಿದವರನ್ನು "ಏನು ಬೇಡಿಕೊಳ್ಳುತ್ತಿದ್ದೀಯ" ಎಂದು ಈ ಊರಲ್ಲಿ ಯಾರೂ ಕೇಳುವುದಿಲ್ಲ. ಕೇಳಬಾರದು. ಮಗು ಐಬು ತಂದರೆ ತನಗೆ ಬಿಡುಗಡೆ, ತರದಿದ್ದರೆ ತನಗೇ ಶಾಶ್ವತ. ಹಾಗಿರುವಾಗ ಯಾರನ್ನು ಏನೆಂದು ಕೇಳುವುದು? ಒಂದು ದಿನ ನಾನು ಕೇಳಿದೆ.

ಅವನು ಮಚ್ಚಿನ ಅಂಚನ್ನು ಹೆಬ್ಬೆರಳಲ್ಲಿ ಸವರಿದ. "ಸುಳ್ಯಾಕ್ ಹೇಳ್ಲಿ? ಶುರೂನಲ್ಲಿ ನನ್ ಕಾಲೇ ಬೇಡ್ಕೊಂಡೆ. ಮರ ಕಂಡ್ರೆ ಜೀವ ಹೋಗೋದು. ಆಮೇಲ್ ಒಂದಿನ ಶಿವಮಲ್ಲಿ ಸಣ್ ಸಣ್ ಸಾಕ್ಸ್ ಹೆಣೀತಾ ಕೂತಿದ್ಲು, ಒಂದು ನೆಟ್ಗೆ, ಒಂದು ಸೊಟ್ಗೆ. ಅವತ್ನಿಂದ ಬುಟ್ಬುಟ್ಟೆ. ಮಗೂದ್ ನೆಟ್ಗಿರ್ಲಿ ಅಂದೆ." ಮಚ್ಚನ್ನು ಕೆಳಗಿಟ್ಟು, "ನೀವು?" ಎಂದ.

ನಾನು ಎಳನೀರಿನ ಬುರುಡೆಯೊಳಗೆ ನೋಡಿದೆ.

ನಾನು ಏನು ಬೇಡಿಕೊಳ್ಳುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಜಬೀನ್‌ಳನ್ನು ಆಗಾಗ ಸ್ಕ್ಯಾನ್ ಮಾಡುತ್ತಿದ್ದೆ. ತಪ್ಪಾಗಿದ್ದರೆ ಹಿಂತೆಗೆದುಕೊಳ್ಳೋಣ ಎಂದು ಮೇಲೆ ಹೇಳುತ್ತಿದ್ದೆ. ಪರದೆಯ ಮೇಲೆ ಸೀಳು ಮತ್ತೆ ಕಂಡಾಗ ನನ್ನ ಎದೆ ತಣ್ಣಗಾಗುತ್ತಿತ್ತು. ಇದೆ, ಇನ್ನೂ ಇದೆ, ನಾನು ಸರಿ. ಒಂದು ಸಲ ನೆರಳು ಬಿದ್ದು ತುಟಿ ಕೂಡಿದಂತೆ ಕಂಡಾಗ ನನಗಾದದ್ದು ಗಾಬರಿ. ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳ ಮಗುವಿನ ತುಟಿ ಸೀಳಿರಲಿ ಎಂದು ಹಾರೈಸಿದವಳು ನಾನು. ಜಬೀನ್ ಅದೇ ಹೊತ್ತಿಗೆ ನನ್ನ ಕೈ ಒತ್ತಿ, "ನೀವು ಇದ್ದೀರಲ್ಲ ಡಾಕ್ಟ್ರೇ, ನನಗೆ ಈಗ ಭಯ ಇಲ್ಲ," ಅನ್ನುತ್ತಿದ್ದಳು. ಪ್ರತಿ ದಿನ, ಇವತ್ತಾದರೂ ಬೆಟ್ಟಸ್ವಾಮಿಯ ಹಾಗೆ ಬೇಡಿಕೊಳ್ಳೋಣ ಎಂದು ಎದ್ದೆ. ಕನ್ನಡಿ ಕಂಡ ಕೂಡಲೇ ಬಾಯಿ ತನ್ನದನ್ನೇ ಬೇಡಿತು.

ಹೆರಿಗೆಯ ದಿನ ಜಬೀನ್‌ಳ ಕಡೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರು, ಹಸೀನಾಬಿ ಮಾತ್ರ ಸೊಸೆಯ ಜೊತೆ ಒಳಗಿದ್ದಳು. ನಾನು ಗೋಡೆಗೆ ಒರಗಿ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದೆ. ಬೆಟ್ಟಸ್ವಾಮಿ ಎಲ್ಲರಿಗೂ ಎಳನೀರು ಹೊತ್ತು ತಂದು, ಬುಟ್ಟಿ ಇಳಿಸಿ, ನನ್ನ ಪಕ್ಕದಲ್ಲಿ ಒಂದೇ ಕಾಲಿಗೆ ಭಾರ ಹಾಕಿ ನಿಂತ. ಒಳಗೆ ಮಗು ಅತ್ತಿತು.

ಬೆರಳಿನ ಕೆಳಗೆ ಬಿಸಿಯಾಯಿತು. ಚರ್ಮ ಸರಿದು ಚರ್ಮವನ್ನು ಮುಟ್ಟಿತು. ಸೀಳು ಕೂಡಿತು. ಒಳಗಿಂದ ಹಸೀನಾಬಿ ಬಿಕ್ಕುವುದು ಕೇಳಿಸಿತು, "ಯಾ ಅಲ್ಲಾ, ನನ್ನ ಬಂಗಾರ" ಎಂದಳು. ಗಂಡ ಗೋಡೆಯ ಕಡೆ ಮುಖ ಮಾಡಿ ಟವೆಲಿನಿಂದ ಕಣ್ಣು ಮುಚ್ಚಿಕೊಂಡ. ಗಂಡಸರು ಹೆಂಗಸರೆಲ್ಲ ತಲೆ ತಗ್ಗಿಸಿದ್ದರು.

ನಾನು ನಗುತ್ತಿದ್ದೆ. ಅಷ್ಟು ತಿಂಗಳ ಮೇಲೆ ಪೂರ್ತಿಯಾಗಿ ಕೂಡಿದ ನನ್ನ ತುಟಿ ಮೊದಲು ಮಾಡಿದ ಕೆಲಸ ಅದು. ನಿಲ್ಲಿಸೋಣವೆಂದರೆ ನಿಲ್ಲಲಿಲ್ಲ.

ಬೇರೆ ಯಾರೂ ನೋಡಲಿಲ್ಲ. ಬೆಟ್ಟಸ್ವಾಮಿ ನೋಡಿದ. ಅವನು ನನ್ನ ಬಾಯಿಯನ್ನು ನೋಡಿ, ಒಂದು ಗಳಿಗೆ ತನ್ನ ಪಾದವನ್ನು ನೋಡಿಕೊಂಡು, ಆಮೇಲೆ ನನ್ನ ಹತ್ತಿರ ಬಗ್ಗಿ ಯಾರಿಗೂ ಕೇಳಿಸದ ಹಾಗೆ ಹೇಳಿದ.

"ಬಾಯ್ಗೆ ಸೆರಗ್ ಹಿಡ್ಕೊಂಡ್ ಒಳಕ್ ಹೋಗಿ ಡಾಕ್ಟ್ರಮ್ಮ. ಆ ಹುಡ್ಗಿ ಮೊದ್ಲು ನಿಮ್ ಮಕಾನೇ ನೋಡ್ತಾಳೆ."

ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಒಳಗೆ ಹೋದೆ.